ಬೀಗ ಹಾಕಿದ ಫ್ಲಾಪಿ



ಸಿದ್ದಾಪುರದ ಮಳೆಗಾಲದಲ್ಲಿ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುವುದನ್ನು ನೀವು ಕಂಡಿದ್ದೀರಿ. ಕಾಂತೀಯ ಲೇಪವಿರುವ ತೆಳುತಟ್ಟೆಯಾದ ಫ್ಲಾಪಿಗೂ ಅದೇ ಗತಿ. 1984ರಲ್ಲಿ ಭಾರತ ಸರ್ಕಾರದ 'ಕ್ಲಾಸ್' ಯೋಜನೆ ಮೊದಲಿಗೆ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಗಳನ್ನು ತಂದಿತು. ಆ ಕಾಲದ ಪಾಠ, ಆಟಗಳು ಕ್ಯಾಸೆಟ್ಟಿನಲ್ಲೋ ಫ್ಲಾಪಿಯಲ್ಲೋ ಇರುತ್ತಿದ್ದವು. ನಕಲು ಮಾಡಿ ಉಳಿಸಿದರಾಯಿತಲ್ಲ ಎನ್ನುವಿರಾ? ಅಲ್ಲೇ ಇದೆ ತೊಡಕು.

ಕಳ್ಳಪ್ರತಿ ತಡೆಯಲು ಅನೇಕ ತಯಾರಕರು ಫ್ಲಾಪಿಯಲ್ಲೇ ಬೀಗ ಅಡಗಿಸುತ್ತಿದ್ದರು. ಉದಾಹರಣೆಗೆ, ಅಮೆರಿಕದ ಎಫ್‌ಟಿಎಲ್ ಸಂಸ್ಥೆ 1987ರಲ್ಲಿ ಅಟಾರಿ ಎಸ್‌ಟಿ ಗಣಕಕ್ಕೆ ಹೊರತಂದ 'ಡಂಜನ್ ಮಾಸ್ಟರ್' ಆಟ. ಅದರ ಫ್ಲಾಪಿಯ ಒಂದೆಡೆ ಗುರುತುಗಳನ್ನು ಬೇಕೆಂದೇ ಅಸ್ಪಷ್ಟವಾಗಿ ಬರೆಯಲಾಗಿತ್ತು. ಓದಿದಾಗೊಮ್ಮೆ ಸೊನ್ನೆ, ಇನ್ನೊಮ್ಮೆ ಒಂದು! ಸಾಮಾನ್ಯ ಡ್ರೈವ್ ಮಾಡಿದ ನಕಲಿನಲ್ಲಿ ಯಾವುದೋ ಒಂದೇ ಉತ್ತರ ಸ್ಥಿರವಾಗಿ ನಿಲ್ಲುತ್ತಿತ್ತು. ಆಟ ಅದೇ ಜಾಗವನ್ನು ಮತ್ತೆ ಮತ್ತೆ ಓದಿ, ಉತ್ತರ ಬದಲಾಗದಿದ್ದರೆ ನಕಲೆಂದು ತಿಳಿಯುತ್ತಿತ್ತು.

ಆದ್ದರಿಂದ ಇಂದಿನ ಸಂರಕ್ಷಕರು ಮಾಹಿತಿಯನ್ನಷ್ಟೇ ಅಲ್ಲ, ಕಾಂತೀಯ ಬದಲಾವಣೆಗಳ ನಡುವಿನ ಅಂತರವನ್ನೂ ದಾಖಲಿಸುತ್ತಾರೆ. ಬಳಿಕ ಅನುಕರಣ ತಂತ್ರಾಂಶವು ನಿಮಿಷಕ್ಕೆ 300 ಸುತ್ತು ತಿರುಗುವ ಹಳೆಯ ಡ್ರೈವಿನಂತೆಯೇ, ಅದರ ತಡವರಿಕೆಯ ಸಮೇತ, ವರ್ತಿಸುತ್ತದೆ. ಆಟ ಅಸಲಿ ಫ್ಲಾಪಿಯೆಂದೇ ನಂಬಿ ತೆರೆದುಕೊಳ್ಳುತ್ತದೆ.

ಕಳ್ಳನಿಗೆಂದು ಹಾಕಿದ ಬೀಗ ಇತಿಹಾಸಕಾರನನ್ನೂ ಹೊರಗೆ ನಿಲ್ಲಿಸುತ್ತದೆ. ಹಳೆಯದನ್ನು ಉಳಿಸಬೇಕಾದರೆ ಅದರ ಕುಂದನ್ನೂ ಉಳಿಸಬೇಕು. ನಿಮ್ಮ ಮನೆಯಲ್ಲಿ ಫ್ಲಾಪಿ ಸಿಕ್ಕರೆ ಎಸೆಯಬೇಡಿ. ಬೂಷ್ಟಿದ್ದರೆ ಡ್ರೈವಿಗೆ ಹಾಕಲೂ ಬೇಡಿ. ಒಣ ಜಾಗದಲ್ಲಿಟ್ಟು ಬಲ್ಲವರಿಗೆ ತೋರಿಸಿ.