ಗುರು ಮತ್ತು ಅದರ ಉಪಗ್ರಹಗಳ ಅಯಾನುಗೋಳ: ರೇಡಿಯೊ ಅಧ್ಯಯನದ ಇತಿಹಾಸ

ಸೂರ್ಯನ ನೇರಳಾತೀತ ಕಿರಣಗಳು ಮತ್ತು ವಿದ್ಯುತ್ಕಣಗಳ ಹೊಡೆತಕ್ಕೆ ವಾತಾವರಣದ ಮೇಲ್ಪದರದ ಅಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಉಂಟಾಗುವ ವಲಯವೇ ಅಯಾನುಗೋಳ. ಗುರುಗ್ರಹ ಹಾಗೂ ಅದರ ಉಪಗ್ರಹಗಳಲ್ಲಿ ಇದನ್ನು ಅಳೆಯಲು ನೆರವಾದ ಮುಖ್ಯ ವಿಧಾನ ರೇಡಿಯೊ ಆಚ್ಛಾದನೆ. ಬಾಹ್ಯಾಕಾಶ ನೌಕೆ ಗ್ರಹದ ಹಿಂದೆ ಮರೆಯಾಗುವಾಗ ಮತ್ತು ಹೊರಬರುವಾಗ ಅದರ ರೇಡಿಯೊ ಅಲೆ ಈ ಪದರವನ್ನು ಹಾಯ್ದು ಭೂಮಿಗೆ ಬರುತ್ತದೆ. ಆಗ ಅಲೆಯ ಆವರ್ತನದಲ್ಲಾಗುವ ಸೂಕ್ಷ್ಮ ವ್ಯತ್ಯಾಸದಿಂದ ಎಲೆಕ್ಟ್ರಾನ್ ಸಾಂದ್ರತೆಯನ್ನು ಲೆಕ್ಕ ಹಾಕುತ್ತಾರೆ. 1965ರಲ್ಲಿ ಮ್ಯಾರಿನರ್ 4 ಮಂಗಳದಲ್ಲಿ ಈ ವಿಧಾನವನ್ನು ಬಳಸಿತ್ತು.

ಗುರುವಿನಲ್ಲಿ ಇದು ಆರಂಭವಾದದ್ದು 1973ರ ಡಿಸೆಂಬರಿನಲ್ಲಿ, ಪಯೋನಿಯರ್ 10ರಿಂದ. ನೌಕೆಯ ಪ್ರೇಷಕದ ಶಕ್ತಿ ಸುಮಾರು 8 ವಾಟ್ ಮಾತ್ರ. ಅದು ಅಯೋ ಉಪಗ್ರಹದ ಹಿಂದೆ ಹಾದುಹೋದಾಗ ಆರ್ವಿದಾಸ್ ಕ್ಲಿಯೋರ್ ನೇತೃತ್ವದ ತಂಡಕ್ಕೆ ಅಲ್ಲೊಂದು ಅಯಾನುಗೋಳ ಪತ್ತೆಯಾಯಿತು. ಹಗಲಿನ ಅಂಚಿನಲ್ಲಿ, ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ, ಘನ ಸೆಂಟಿಮೀಟರಿಗೆ 60,000 ಎಲೆಕ್ಟ್ರಾನ್‌ಗಳಿದ್ದವು. ಚಂದ್ರನಿಗಿಂತ ತುಸುವೇ ದೊಡ್ಡದಾದ ಗೋಳದಲ್ಲಿ ಇಷ್ಟೊಂದು ಎಲೆಕ್ಟ್ರಾನ್ ಎಂದರೆ ಅಲ್ಲಿ ಅನಿಲವೂ ಇರಲೇಬೇಕು. ಅದರ ಮೂಲ ತಿಳಿದದ್ದು 1979ರಲ್ಲಿ, ವಾಯೇಜರ್ 1 ಅಯೋದ ಉರಿಯುವ ಜ್ವಾಲಾಮುಖಿಗಳನ್ನು ಚಿತ್ರಿಸಿದ ಮೇಲೆ.

ಗುರುವಿನ ಲೆಕ್ಕ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಪಯೋನಿಯರ್ ಅಳತೆಗಳಿಂದ ಅಯಾನುಗೋಳದ ಕೆಳಗಿನ ವಾತಾವರಣಕ್ಕೆ ದೊರೆತ ಉಷ್ಣತೆ ನಂಬಲಾಗದಷ್ಟು ಹೆಚ್ಚಿತ್ತು. ಅವಕೆಂಪು ಅಳತೆಗಳಿಗೂ ಅದಕ್ಕೂ ತಾಳೆಯೇ ಇರಲಿಲ್ಲ. ಉಪಕರಣದಲ್ಲಿ ದೋಷವಿರಲಿಲ್ಲ, ಲೆಕ್ಕದಲ್ಲಿತ್ತು. ಗುರು ಧ್ರುವಗಳಲ್ಲಿ ಚಪ್ಪಟೆ: ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ 4,600 ಕಿ.ಮೀ.ಗೂ ಹೆಚ್ಚು. ಈ ಚಪ್ಪಟೆತನವನ್ನು ಲೆಕ್ಕದಲ್ಲಿ ಸರಿಯಾಗಿ ಪರಿಗಣಿಸಿರಲಿಲ್ಲ; ಅದಕ್ಕೆ ತಕ್ಕ ತಿದ್ದುಪಡಿ 1975ರಲ್ಲಿ ಪ್ರಕಟವಾಯಿತು. ಈ ಇತಿಹಾಸದಲ್ಲಿ ಹೊಸ ಶೋಧಗಳಷ್ಟೇ ಮುಖ್ಯವಾದದ್ದು ಈ ತಿದ್ದುಪಡಿ. ವಾಯೇಜರ್ ನೌಕೆಗಳು ಎರಡು ಆವರ್ತನಗಳಲ್ಲಿ ಪ್ರಸಾರ ಮಾಡಿದ್ದರಿಂದ ಎಲೆಕ್ಟ್ರಾನ್‌ಗಳ ಪರಿಣಾಮವನ್ನು ಅನಿಲದ ಪರಿಣಾಮದಿಂದ ಬೇರ್ಪಡಿಸುವುದು ಸುಲಭವಾಯಿತು.

ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಸಣ್ಣ ಆಂಟೆನಾದ ದುರ್ಬಲ ಸಂಕೇತದಿಂದಲೇ ಗುರುವಿನ ಇನ್ನೊಂದು ಉಪಗ್ರಹ ಯೂರೋಪಾದ ಅಯಾನುಗೋಳ ಪತ್ತೆಯಾಗಿ 1997ರಲ್ಲಿ ವರದಿಯಾಯಿತು. 2002ರಲ್ಲಿ ಕ್ಯಾಲಿಸ್ಟೊ ಉಪಗ್ರಹದ ಸರದಿ. ಗ್ಯಾನಿಮೀಡ್ ಉಪಗ್ರಹದ ಮಟ್ಟಿಗೆ ಗೆಲಿಲಿಯೊ ಕೊಟ್ಟ ಉತ್ತರ ಅಸ್ಪಷ್ಟ. 2021ರ ಜೂನ್ 7ರಂದು ಜೂನೊ ನೌಕೆ ಹತ್ತಿರ ಹಾದುಹೋದಾಗ ಅಲ್ಲಿಯೂ ತೆಳುವಾದ ಅಯಾನುಗೋಳದ ಗುರುತು ಸಿಕ್ಕಿತು.

ಈ ವಿಧಾನಕ್ಕೊಂದು ಮಿತಿಯಿದೆ. ಗುರುವಿನಿಂದ ನೋಡಿದರೆ ಭೂಮಿ ಸೂರ್ಯನಿಂದ 12 ಡಿಗ್ರಿಗಿಂತ ಹೆಚ್ಚು ದೂರ ಸರಿಯುವುದಿಲ್ಲ. ಹಾಗಾಗಿ ಭೂಮಿಯತ್ತ ಬರುವ ಅಲೆ ಯಾವಾಗಲೂ ಹಗಲು–ರಾತ್ರಿಗಳ ಗಡಿಯ ಆಸುಪಾಸಿನಲ್ಲೇ ಹಾಯುತ್ತದೆ. ಗುರುವಿನ ನಡುಹಗಲಿನ ಅಯಾನುಗೋಳವನ್ನು ಇದರಿಂದ ಅಳೆಯಲಾಗದು.