ಗಳೆ ಯಾವುದು?

ನಮ್ಮೂರು ಹುಡಗಿ ಅಂದ ಕೂಡ್ಲೇ ಬೆಂಗಳೂರಿನ ಆಫೀಸಲ್ಲಿ ಯಾರಾದ್ರೂ ನಗ್ತಾರೆ. ಹುಡುಗಿ ಅಲ್ಲ ಮಾರಾಯ್ರೆ, ಹುಡಗಿ. ಬೀದರ್ ಜಿಲ್ಲೆ, ಹುಮನಾಬಾದ್ ತಾಲೂಕು. ಕಳೆದ ಸಲ ಊರಿಗೆ ಹೋದಾಗ ಅಲ್ಲಿಂದ ಒಂದು ಹಳೇ 3 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ತಂದೆ. ಅದರ ಯುಎಸ್‌ಬಿ ಪೋರ್ಟ್ ಸತ್ತಿತ್ತು.

ಒಳಗಿದ್ದದ್ದು ಅಜ್ಜನ ವಿಡಿಯೋಗಳು. ನಿಜಾಮರ ಕಾಲದಲ್ಲಿ ನಮ್ಮ ಕಡೆ ಸರ್ಕಾರಿ ಭಾಷೆ ಉರ್ದು. ಹೊಲದ ಹಳೇ ಕಾಗದಗಳೆಲ್ಲ ಅದರಲ್ಲೇ ಇವೆ, ಮನೆಯಲ್ಲಿ ಓದೋಕೆ ಬರ್ತಿದ್ದದ್ದು ಅಜ್ಜ ಒಬ್ಬರಿಗೇ. ತೀರಿಹೋಗೋ ಮುಂಚೆ ಒಂದೊಂದೇ ಹಾಳೆ ಹಿಡಿದು ಕನ್ನಡದಲ್ಲಿ ಬಿಡಿಸಿ ಹೇಳಿದ್ದರು, ತಮ್ಮ ರೆಕಾರ್ಡ್ ಮಾಡಿದ್ದ. ಬೇರೆ ಕಾಪಿ ಇರಲಿಲ್ಲ.

ಡಬ್ಬಿ ಬಿಚ್ಚಿ ಡಿಸ್ಕನ್ನ ನೇರವಾಗಿ ಕಂಪ್ಯೂಟರಿಗೆ ಸಿಗಿಸಿದೆ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಅಂತು. ಕೈ ನಡುಗಿತು, ಸುಳ್ಳು ಹೇಳಲ್ಲ. ಲಿನಕ್ಸ್‌ನಲ್ಲಿ ನೋಡಿದರೆ ಡಿಸ್ಕು ಪೂರ್ತಿ 3 ಟಿಬಿ ಇದೆ, ಆದರೆ ಪಾರ್ಟಿಷನ್ ಬರೀ 350 ಜಿಬಿ ಆಸುಪಾಸು. ಭಾಗಿಸಿ ನೋಡಿದೆ. ಸುಮಾರು ಎಂಟನೇ ಒಂದು ಪಾಲು. ಸುಳಿವು ಸಿಕ್ಕಿದ್ದು ಅಲ್ಲಿ.

ಡಿಸ್ಕು ತನ್ನನ್ನು ಬೈಟ್‌ಗಳಲ್ಲಿ ಎಣಿಸಿಕೊಳ್ಳಲ್ಲ, ಸೆಕ್ಟರ್‌ಗಳಲ್ಲಿ ಎಣಿಸಿಕೊಳ್ಳುತ್ತೆ. ಸೆಕ್ಟರ್ ಎಷ್ಟು ದೊಡ್ಡದು ಅನ್ನೋದು ಬರೀ ರೂಢಿ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಬಂದ ಐಬಿಎಂನ ಮೊದಲ ಡಿಸ್ಕಿನಲ್ಲಿ ಒಂದು ಸೆಕ್ಟರಿಗೆ 100 ಅಕ್ಷರ. 1981ರ ಐಬಿಎಂ ಪಿಸಿಯ ಫ್ಲಾಪಿಯಲ್ಲಿ 512 ಬೈಟ್, ಅದೇ ಎಲ್ಲರ ರೂಢಿಯಾಯ್ತು. ಅದೇ ಕಂಪನಿಯ ಎಎಸ್/400 ಯಂತ್ರಗಳಲ್ಲಿ ಮಾತ್ರ 520. ಹೆಚ್ಚಿನ 8 ಬೈಟ್ ಯಂತ್ರದ ಸ್ವಂತ ಲೆಕ್ಕಕ್ಕೆ. ಅಂಥ ಡಿಸ್ಕನ್ನ ಇವತ್ತಿನ ಲಿನಕ್ಸಿಗೆ ಕೊಟ್ಟರೆ ಈ ಸೆಕ್ಟರ್ ಸೈಜ್ ನನಗಾಗಲ್ಲ ಅಂತ ಹೇಳಿ, ಗಾತ್ರವನ್ನ ಸೊನ್ನೆ ಅಂತ ತೋರಿಸುತ್ತೆ!

ನಮ್ಮ ಪಕ್ಕದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಕಾಲದಲ್ಲೂ ಇದೇ ಕಥೆ. ದತ್ತಿ ಭೂಮಿ ಅಳೆಯುವ ಗಳೆ ಊರಿಂದೂರಿಗೆ ಬೇರೆ. ಬಳ್ಳಿಗಾವಿ ಕಡೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಅಂತ ಬರುತ್ತೆ. ಗಳೆ ಯಾವುದು ಅಂತ ಬರೆಯದಿದ್ದರೆ ‘ಮತ್ತರು ಹನ್ನೆರಡು’ ಅನ್ನೋದಕ್ಕೆ ಅರ್ಥವೇ ಇಲ್ಲ.

ನನ್ನ ಡಿಸ್ಕಿನ ಗಳೆ ಬದಲಾಯಿಸಿದ್ದು ಆ ಪ್ಲಾಸ್ಟಿಕ್ ಡಬ್ಬಿ. ಹಳೇ ಮಾದರಿಯ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಜಾಗ. 512ರಿಂದ ಎಣಿಸಿದರೆ 2 ಟಿಬಿ ಹತ್ತಿರ ಮುಗಿದುಹೋಗುತ್ತೆ. ವಿಂಡೋಸ್ ಎಕ್ಸ್‌ಪಿಯಲ್ಲೂ 3 ಟಿಬಿ ನಡೀಲಿ ಅಂತ ಕೆಲವು ಡಬ್ಬಿಗಳ ಚಿಪ್ಪು ‘ನನ್ನ ಸೆಕ್ಟರ್ 4096 ಬೈಟ್’ ಅಂತ ಹೇಳ್ತಿತ್ತು. ಜಾಣತನವೇ. ಡಬ್ಬಿ ಕೆಡೋವರೆಗೆ.

ಪಾರ್ಟಿಷನ್ ಶುರುವಾಗೋದು 256ನೇ ಸೆಕ್ಟರಿನಿಂದ ಅಂತ ಪಟ್ಟಿಯಲ್ಲಿತ್ತು. 4096ರಿಂದ ಗುಣಿಸಿದರೆ 10,48,576, ಅಂದರೆ ಸರಿಯಾಗಿ 1 ಎಂಬಿ. ಡಬ್ಬಿ ಇಲ್ಲದ ಕಂಪ್ಯೂಟರು 512ರಿಂದ ಗುಣಿಸಿ 128 ಕೆಬಿ ಹತ್ತಿರ ಹುಡುಕ್ತಿತ್ತು. ಅಲ್ಲಿ ಬರೀ ಸೊನ್ನೆ.

ಲಿನಕ್ಸ್‌ನ ‘ಲೋಸೆಟಪ್’ ಆಜ್ಞೆಗೆ ಸೆಕ್ಟರ್ ಗಾತ್ರ ನಾವೇ ಹೇಳಬಹುದು. 4096 ಅಂತ ಕೊಟ್ಟೆ, ಜೊತೆಗೆ ಓದೋಕೆ ಮಾತ್ರ ಅನ್ನೋ ಗುರುತು, ಪಾರ್ಟಿಷನ್ ಹುಡುಕು ಅನ್ನೋದು ಇನ್ನೊಂದು. (ಓದೋಕೆ ಮಾತ್ರ ಅನ್ನೋದನ್ನ ದಯವಿಟ್ಟು ಮರೀಬೇಡಿ. ಡಿಸ್ಕಿನ ಮೇಲೆ ಒಂದು ಬೈಟೂ ಬರೆಯೋದು ಬೇಡ.) ಎಂಟರ್ ಒತ್ತಿದೆ. ಪೂರ್ತಿ ಪಾರ್ಟಿಷನ್ ಎದ್ದು ಕೂತಿತು.

ಮೊದಲ ಫೈಲಿನಲ್ಲಿ ಅಜ್ಜ ಕನ್ನಡಕ ಒರೆಸಿಕೊಳ್ತಾ ‘ಚಾಲೂ ಆಗ್ಯಾದೇನೋ?’ ಅಂತ ಕೇಳ್ತಾರೆ. ಹಿಂದೆ ಯಾವುದೋ ಎಮ್ಮೆ ಕೂಗುತ್ತೆ.

ಈಗ ಎಲ್ಲ ಎರಡು ಹೊಸ ಡಿಸ್ಕುಗಳಲ್ಲಿದೆ. ಒಂದನ್ನ ಹುಡಗಿಗೆ ಕಳಿಸಿದೆ. ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ದಪ್ಪಕ್ಕೆ ಬರೆದಿದೀನಿ: ಸೆಕ್ಟರ್ 512.