ಕಡೆಗೀಲಿನಿಂದ ಬೇರಿಂಗಿನವರೆಗೆ

ಪುಣೆಯಿಂದ ಕಲಬುರ್ಗಿ, ರಾಯಚೂರುಗಳ ಕಡೆಗೆ ಹೊರಟ ನಮ್ಮವರಿಗೆ ದೌಂಡ ಪರಿಚಿತ ಜಂಕ್ಷನ್. ಪಕ್ಕದಲ್ಲಿ ನಮ್ಮ ನಾಡಿಗೇ ಹರಿದು ಬರುವ ಭೀಮೆ. ಊರ ನಡುವೆ 1860ರಲ್ಲಿ ಸೊಲ್ಲಾಪುರವನ್ನೂ 1871ರಲ್ಲಿ ರಾಯಚೂರನ್ನೂ ಮುಟ್ಟಿದ ರೈಲುದಾರಿ. 1878ರಲ್ಲಿ ಮನಮಾಡದ ದಾರಿಯೂ ಇಲ್ಲಿಗೆ ಬಂದು ಕೂಡಿತು. ಇಂಥ ಜಂಕ್ಷನ್ನುಗಳಲ್ಲಿ ಗಾಡಿ ನಿಂತೊಡನೆ ಕೆಲಸಗಾರರು ಸುತ್ತಿಗೆಯಿಂದ ಗಾಲಿಗಳನ್ನು ತಟ್ಟುತ್ತ, ಅಚ್ಚಿನ ಪೆಟ್ಟಿಗೆಗಳ ಮೇಲೆ ಕೈಯಿಟ್ಟು ನೋಡುತ್ತ ಸಾಗುತ್ತಿದ್ದುದು ಹಳಬರಿಗೆ ನೆನಪಿರಬೇಕು. ಅವರು ಹುಡುಕುತ್ತಿದ್ದುದೇನು?

ಉತ್ತರ ನಮ್ಮ ಹಳ್ಳಿಯ ಬಂಡಿಯಲ್ಲೇ ಉಂಟು. ಗಾಲಿಯ ನಡುವಣ ಗುಂಬದೊಳಗೆ ಅಚ್ಚು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡೆಗೀಲು. ಗುಂಬದ ಮರ ಸವೆಯದಿರಲೆಂದು ಒಳಗೆ ಕಬ್ಬಿಣದ ಬಳೆ. ಅದಕ್ಕೆ ಹರಳೆಣ್ಣೆಯಲ್ಲಿ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಬಳೆ ಸವೆದು ಗಾಲಿ ಅಲುಗತೊಡಗಿದರೆ ಬಡಿಗ, ಕಮ್ಮಾರರ ನೆರವಿನಿಂದ ಬಳೆಯನ್ನಷ್ಟೇ ಬದಲಾಯಿಸುತ್ತಿದ್ದರು, ಗಾಲಿ ಉಳಿಯುತ್ತಿತ್ತು. ಕಡೆಗೀಲಿನ ಮಹತ್ವ ಎಷ್ಟೆಂದರೆ, ಜೇಡರ ದಾಸಿಮಯ್ಯ ತನ್ನ ವಚನವೊಂದರಲ್ಲಿ ಅದನ್ನೇ ಉಪಮೆಯಾಗಿ ತಂದಿದ್ದಾನೆ.

ರೈಲಿನಲ್ಲೂ ತತ್ತ್ವ ಅದೇ. ತಿರುಗುವ ಅಚ್ಚಿನ ಮೇಲೆ ಕೂರುವ ಹಿತ್ತಾಳೆಯ ತುಂಡಿಗೆ ಮೆದುಲೋಹದ ಒಳಪದರ ಕೊಡುತ್ತಿದ್ದರು. ತವರ, ಆಂಟಿಮನಿ, ತಾಮ್ರ ಬೆರೆತ ಇಂಥ ಲೋಹಕ್ಕೆ 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ಟನ ಹೆಸರು ಅಂಟಿತು. ಅಚ್ಚು ಉಳಿಯಲೆಂದು ಪದರ ಸವೆಯಬೇಕು. ಸವೆದದ್ದನ್ನು ಸಕಾಲದಲ್ಲಿ ಬದಲಾಯಿಸಬೇಕು. ಎಣ್ಣೆ ಆರಿದರೆ ಪೆಟ್ಟಿಗೆ ಕಾದು ಹೊಗೆಯಾಡುತ್ತಿತ್ತು. ಆಗಲೂ ಗಮನಿಸದಿದ್ದರೆ ಅಚ್ಚೇ ಮುರಿದು ಗಾಡಿ ಹಳಿ ತಪ್ಪುವ ಭಯ. ಕೈಯಿಟ್ಟು ಹುಡುಕುತ್ತಿದ್ದುದು ಆ ಬಿಸಿಯನ್ನೇ.

ಉಜ್ಜುವುದಕ್ಕಿಂತ ಉರುಳುವುದು ಲೇಸೆಂಬ ವಿಚಾರವೂ ಹಳೆಯದೇ. ವೇಲ್ಸಿನ ಫಿಲಿಪ್ ವಾನ್ 1794ರಲ್ಲಿಯೇ ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸಿ ಪೇಟೆಂಟ್ ಪಡೆದಿದ್ದ. 1898ರಲ್ಲಿ ಹೆನ್ರಿ ಟಿಮ್ಕೆನ್ ಒಂದು ತುದಿ ಸಪೂರವಾದ ಉರುಳೆಗಳ ಬೇರಿಂಗಿಗೆ ಪೇಟೆಂಟ್ ಪಡೆದ. ಮುಂದೆ ರೈಲುಗಳೂ ಉರುಳೆಗಳ ಬೇರಿಂಗಿಗೆ ಒಗ್ಗಿಕೊಂಡವು.

ಈ ಇತಿಹಾಸವೆಲ್ಲ ನಮ್ಮ ಮನೆಯ ಸೈಕಲ್ಲಿನಲ್ಲಿ ಅಡಗಿದೆ. ಹಳೆಯ ಮಾದರಿಯ ಸೈಕಲ್ಲಿನ ಮುಂಗಾಲಿಯಲ್ಲಿ ಸಾಮಾನ್ಯವಾಗಿ ಪ್ರತಿ ಬದಿಗೆ 10, ಹಿಂಗಾಲಿಯಲ್ಲಿ 9 ಗುಂಡುಗಳಿರುತ್ತವೆ. ಗಾಲಿ ಬಿಚ್ಚಿ, ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೋನನ್ನು ಬೆಳಕಿಗೆ ಹಿಡಿದು ನೋಡಬೇಕು. ಗುಂಡು ಓಡುವ ಜಾಡಿನಲ್ಲಿ ಗುಳಿ ಬಿದ್ದಿದ್ದರೆ ಕೋನನ್ನೂ ಗುಂಡುಗಳನ್ನೂ ಒಟ್ಟಿಗೇ ಬದಲಾಯಿಸಬೇಕು. ಹಳೆಯದು ಹೊಸದು ಬೆರೆಸಿದರೆ ಭಾರವೆಲ್ಲ ಹೊಸ ಗುಂಡುಗಳ ಮೇಲೆಯೇ ಬೀಳುತ್ತದೆ. ಗಾಲಿ ಅಲುಗಾಡಲೂ ಬಾರದು, ಬಿಗಿದು ನಿಲ್ಲಲೂ ಬಾರದು. ಆ ಹದ ಕೈಗೇ ತಿಳಿಯಬೇಕು. ಕೋನಿನಲ್ಲಿ ಉಳಿಸಿದ ಅಲ್ಪ ಕಾಸಿಗೆ ಕೊನೆಯಲ್ಲಿ ಇಡೀ ಹಬ್ಬನ್ನೇ ತೆರಬೇಕಾದೀತು.

ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಬೇರಿಂಗ್ ಗೊತ್ತು. ಗುಂಬ, ಕಡೆಗೀಲು, ಕೀಲೆಣ್ಣೆ ಗೊತ್ತಿಲ್ಲ. ಆಡುವವರಿಲ್ಲದ ಮಾತಿಗೂ ಎಣ್ಣೆ ಆರುತ್ತದೆ. ಬರುವ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಒಂದು ಗಾಲಿ ಬಿಚ್ಚೋಣ. ಕೈ ಕಪ್ಪಾದರೂ ಚಿಂತೆಯಿಲ್ಲ. ಸೈಕಲ್ಲಿನ ಜೊತೆಗೆ ನಾಲ್ಕು ಮಾತುಗಳೂ ಸರಾಗವಾಗಿ ಓಡಾಡಿಯಾವು.